ಮರ ಉಳಿಸುವ ಕೈಗೆ ಎಷ್ಟು ಕೊಡಬೇಕು?

ಮನೆಯಂಗಳದ ಮರ ಬೆಳೆಯುವಷ್ಟು ಕಾಲ ಯಾರೂ ಅದರ ಖರ್ಚು ಬರೆದಿಡುವುದಿಲ್ಲ. ಮಾವು ತಾನಾಗಿ ಚಿಗುರುತ್ತದೆ, ಹಲಸು ತಾನಾಗಿ ಕಾಯಿ ಬಿಡುತ್ತದೆ. ಲೆಕ್ಕದ ಮಾತು ಬರುವುದು ಕೊಂಬೆ ಪಕ್ಕದವರ ತಾರಸಿಯ ಮೇಲೆ ಚಾಚಿಕೊಂಡಾಗ, ಇಲ್ಲವೇ ಬೇಸಿಗೆಯ ಮೊದಲ ಗಾಳಿಮಳೆಗೆ ಎಲ್ಲೋ ಮರ ಉರುಳಿ ಕಾರು ಜಜ್ಜಿದ ಸುದ್ದಿ ಓದಿದಾಗ. ಆಗ ಮರ ಕೊಯ್ಯುವವರನ್ನು ಕರೆಸುತ್ತೇವೆ. ಒಬ್ಬರು ಬಂದು ನೋಡಿ ಇಪ್ಪತ್ತು ಸಾವಿರ ಎನ್ನುತ್ತಾರೆ. ಇನ್ನೊಬ್ಬರು ಐದು ಸಾವಿರಕ್ಕೆ ಒಪ್ಪುತ್ತಾರೆ. ಮೂರನೆಯವರು, ಸೌದೆ ನಮಗೇ ಬಿಟ್ಟುಕೊಡಿ, ದುಡ್ಡೇ ಬೇಡ ಎನ್ನುತ್ತಾರೆ. ಮರ ಒಂದೇ, ದರ ಮೂರು. ಮೂರರಲ್ಲಿ ನ್ಯಾಯವಾದ ದರ ಯಾವುದು?

ಬಹುಪಾಲು ಜನ ಕಡಿಮೆ ದರದ ಕಡೆಗೇ ವಾಲುತ್ತಾರೆ. ಕೊಯ್ಯುವುದು ತಾನೇ, ಯಾರು ಕೊಯ್ದರೇನು ಎಂಬುದು ಅವರ ಎಣಿಕೆ. ಆ ಎಣಿಕೆ ಬುಡದಲ್ಲೇ ತಪ್ಪು ಎಂಬುದು ನನ್ನ ವಾದ. ಕತ್ತರಿಸುವ ಕೆಲಸ ಯಂತ್ರದ್ದು. ಗರಗಸಕ್ಕೆ ಪೆಟ್ರೋಲು ಹಾಕಿದರೆ ಅದು ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ನಾವು ನಿಜವಾಗಿ ಹಣ ಕೊಡಬೇಕಾದದ್ದು ಯಾವುದನ್ನು ಕಡಿಯಬಾರದು ಎಂಬ ತಿಳಿವಳಿಕೆಗೆ, ಕಡಿದದ್ದನ್ನು ಯಾರ ತಲೆಯ ಮೇಲೂ ಬೀಳದಂತೆ ಇಳಿಸುವ ಜಾಣ್ಮೆಗೆ, ಮತ್ತು ಅಷ್ಟೆತ್ತರಕ್ಕೆ ಹತ್ತುವ ಮನುಷ್ಯನ ಜೀವದ ಭದ್ರತೆಗೆ.

ತೂಕದಿಂದಲೇ ಶುರುಮಾಡೋಣ. ಒಂದಡಿ ದಪ್ಪ, ಹತ್ತಡಿ ಉದ್ದದ ಹಸಿ ಕೊಂಬೆ ಹತ್ತಿರ ಹತ್ತಿರ 200 ಕಿಲೋ ತೂಗುತ್ತದೆ. ತೋಟದ ನಡುವಿನ ಮರವಾದರೆ ಅದನ್ನು ಕಡಿದು ಕೆಡವಬಹುದು. ಮೂವತ್ತು–ನಲವತ್ತಡಿ ಸೈಟಿನ ಮನೆಯ ಪಕ್ಕದಲ್ಲಿ, ಒಂದು ಕಡೆ ಗಾಜಿನ ಕಿಟಕಿ, ಇನ್ನೊಂದು ಕಡೆ ಸೋಲಾರ್ ಹೀಟರು, ಎದುರಿಗೆ ವಿದ್ಯುತ್ ತಂತಿ ಇರುವಲ್ಲಿ ಅದೇ ಕೊಂಬೆಯನ್ನು ಹಗ್ಗ ಬಿಗಿದು, ತುಂಡು ತುಂಡಾಗಿ, ಕೆಳಗೆ ಹಗ್ಗ ಹಿಡಿದವರು ಮೆಲ್ಲಗೆ ಸಡಿಲ ಬಿಡುತ್ತಾ ಇಳಿಸಬೇಕು. ಒಬ್ಬನ ಕೆಲಸ ನಾಲ್ವರದ್ದಾಗುತ್ತದೆ, ಒಂದು ತಾಸಿನದು ಒಂದು ದಿನದ್ದಾಗುತ್ತದೆ. ತಂತಿ ಹತ್ತಿರವಿದ್ದರೆ ವಿದ್ಯುತ್ ಕಂಪನಿಗೆ ಹೇಳಿ ಲೈನ್ ಆಫ್ ಮಾಡಿಸಬೇಕು. ಕಡಿದ ಸೊಪ್ಪು ಸದೆಯನ್ನು ಸಾಗಿಸಲು ಗಾಡಿ ಬೇಕು. ಬಿದ್ದ ಮರವನ್ನು ಮಳೆಯ ನಡುರಾತ್ರಿ ತೆಗೆಸುವ ದರ ಬೇರೆ, ಜನವರಿಯ ಬಿಸಿಲಲ್ಲಿ ಸಾವಕಾಶವಾಗಿ ಸವರಿಸುವ ದರ ಬೇರೆ. ಹಾಗಾಗಿ ಮರದ ಎತ್ತರ ಒಂದನ್ನೇ ಕೇಳಿ, ನೋಡದೆ, ಫೋನಿನಲ್ಲಿ ದರ ಹೇಳುವವರ ಮಾತನ್ನು ನಂಬಬಾರದು. ಕೊಂಬೆ ಬೀಳಲು ಎಷ್ಟು ಜಾಗವಿದೆ ಎಂಬುದು ಮರ ಎಷ್ಟು ಎತ್ತರವಿದೆ ಎಂಬುದಕ್ಕಿಂತ ದೊಡ್ಡ ಸಂಗತಿ.

ಎರಡನೆಯದು ತಿಳಿವಳಿಕೆ. ಅಮೆರಿಕದ ಅರಣ್ಯ ಇಲಾಖೆಯಲ್ಲಿದ್ದ ಅಲೆಕ್ಸ್ ಶೈಗೋ ಎಂಬ ವಿಜ್ಞಾನಿ ಸಾವಿರಾರು ಮರಗಳನ್ನು ಉದ್ದುದ್ದ ಸೀಳಿ, ಒಳಗೆ ಕೊಳೆತ ಹೇಗೆ ಹರಡುತ್ತದೆಂದು ವರ್ಷಗಟ್ಟಲೆ ನೋಡಿದರು. ಅವರು 1977ರಲ್ಲಿ ಮುಂದಿಟ್ಟ ವಿವರಣೆ ಮರ ಸವರುವ ವೃತ್ತಿಯ ರೀತಿಯನ್ನೇ ಬದಲಿಸಿತು. ನಮ್ಮ ಚರ್ಮದ ಗಾಯದಂತೆ ಮರದ ಗಾಯ ಮಾಯುವುದಿಲ್ಲ. ಹಾಳಾದ ಭಾಗದ ಸುತ್ತ ಮರ ಒಳಗೊಳಗೇ ಗೋಡೆ ಕಟ್ಟಿಕೊಂಡು, ಹೊರಗೆ ಹೊಸ ಪದರ ಬೆಳೆಸಿ ಅದನ್ನು ಮುಚ್ಚಿಬಿಡುತ್ತದೆ. ಕೊಂಬೆ ಕಾಂಡಕ್ಕೆ ಸೇರುವಲ್ಲಿ ಉಂಗುರದಂತೆ ಉಬ್ಬಿದ ಭಾಗವೊಂದಿರುತ್ತದೆ. ಕೊಳೆತ ಒಳನುಗ್ಗದಂತೆ ತಡೆಯುವ ಶಕ್ತಿ ಇರುವುದು ಅಲ್ಲೇ. ಆ ಉಬ್ಬಿನಿಂದ ಆಚೆಗೆ ಕೊಯ್ದರೆ ಮರ ಗಾಯವನ್ನು ತಾನೇ ಮುಚ್ಚಿಕೊಳ್ಳುತ್ತದೆ. ನೋಡಲು ನೀಟಾಗಿರಲೆಂದು ಕಾಂಡಕ್ಕೆ ಸಮವಾಗಿ ಹೆರೆದರೆ ಉಬ್ಬೇ ಹೋಗಿ ಕೊಳೆತ ತಿರುಳಿಗಿಳಿಯುತ್ತದೆ. ಉದ್ದದ ಮೋಟು ಬಿಟ್ಟರೂ ಅದೇ ಗತಿ. ಭಾರದ ಕೊಂಬೆಗೆ ಮೊದಲು ಕೆಳಗಿನಿಂದ ಒಂದು ಗೀರು ಹಾಕಿ, ಆಮೇಲೆ ಮೇಲಿನಿಂದ ಕೊಯ್ದು, ಕೊನೆಗೆ ಉಳಿದ ಮೋಟನ್ನು ಉಬ್ಬಿನ ಅಂಚಿಗೆ ತೆಗೆಯಬೇಕು. ಹಾಗಲ್ಲದಿದ್ದರೆ ಬೀಳುವ ಕೊಂಬೆ ಕಾಂಡದ ತೊಗಟೆಯನ್ನೂ ಸುಲಿದುಕೊಂಡು ಹೋಗುತ್ತದೆ. ಗಾಯಕ್ಕೆ ಡಾಂಬರು, ಪೇಂಟು ಬಳಿಯುವುದರಿಂದ ಕೊಳೆತ ನಿಲ್ಲುವುದಿಲ್ಲ ಎಂಬುದನ್ನೂ ಶೈಗೋ ತೋರಿಸಿದರು. ಇಂದಿಗೂ ಅದನ್ನು ಬಳಿದು ಅದಕ್ಕೊಂದು ಬಿಲ್ಲು ಸೇರಿಸುವವರಿದ್ದಾರೆ.

ಸೌದೆಗಾಗಿ ಪುಕ್ಕಟೆ ಬರುವವರ ಮಾತು ಈಗ ನೋಡೋಣ. ಇದು ನಮ್ಮ ಊರುಗಳ ವಿಶೇಷ ಪದ್ಧತಿ. ನನಗೆ ಎಲ್ಲಕ್ಕಿಂತ ಹೆಚ್ಚು ಆತಂಕ ಹುಟ್ಟಿಸುವುದೂ ಇದೇ. ಕೂಲಿಯನ್ನು ಮರದಲ್ಲೇ ಪಡೆಯುವವನಿಗೆ ಕಡಿದಷ್ಟೂ ಲಾಭ. ಒಣಗಿದ ಎರಡು ರೆಂಬೆ ತೆಗೆಯಿರಿ ಎಂದರೆ ಅವನಿಗೆ ಅದರಿಂದ ಏನೂ ಗಿಟ್ಟುವುದಿಲ್ಲ. ತೊಡೆ ಗಾತ್ರದ ಹಸಿ ಕೊಂಬೆ ಬಿದ್ದರೆ ಗಾಡಿ ತುಂಬುತ್ತದೆ. ಹಲಸು, ತೇಗ, ಹೊನ್ನೆಯಾದರಂತೂ ಇಡೀ ಮರ ಅಪಾಯದಲ್ಲಿದೆ, ಬುಡದಲ್ಲೇ ತೆಗೆದುಬಿಡೋಣ ಎಂಬ ಸಲಹೆ ಬರಲು ತಡವಾಗುವುದಿಲ್ಲ. ಅವರು ಕೆಟ್ಟವರೆಂದಲ್ಲ, ಹೊಟ್ಟೆಪಾಡು ಹಾಗಿದೆ. ಆದರೆ ಮರದ ಆರೋಗ್ಯದ ಬಗ್ಗೆ ತೀರ್ಪು ಕೊಡುವ ಅಧಿಕಾರ, ಅದರ ಸೌದೆಯ ಮೇಲೆ ಕಣ್ಣಿಟ್ಟವರ ಕೈಯಲ್ಲಿ ಇರಬಾರದು. ದುಡ್ಡು ಕೊಡುವುದರಿಂದ ನಮಗೆ ಸಿಗುವ ಮೊದಲ ಪ್ರಯೋಜನ ಅದು: ಕಡಿಮೆ ಕಡಿಯಿರಿ ಎಂದು ಹೇಳುವ ಹಕ್ಕು.

ಹೆಚ್ಚು ಕಡಿದರೆ ಏನಾಗುತ್ತದೆ? ನೆತ್ತಿಯನ್ನು ಬೋಳಿಸಿದ ಮರ ಸಾಮಾನ್ಯವಾಗಿ ಕೂಡಲೇ ಸಾಯುವುದಿಲ್ಲ. ಗಾಬರಿಯಲ್ಲಿ ಕೊಯ್ದ ಜಾಗದ ಸುತ್ತ ಹತ್ತಾರು ಚಿಗುರು ಹೊಮ್ಮಿಸುತ್ತದೆ. ಅಬ್ಬಾ, ಎಷ್ಟು ಸೊಂಪಾಗಿ ಬಂತು ಎಂದು ಮನೆಯವರು ಸಂತೋಷಪಡುತ್ತಾರೆ. ಆ ಚಿಗುರುಗಳು ಮರದ ತಿರುಳಿನಿಂದ ಬಂದವಲ್ಲ, ತೊಗಟೆಯ ಅಡಿಯಿಂದ ಎದ್ದವು. ಕೆಲವೇ ವರ್ಷಗಳಲ್ಲಿ ಅವು ದಪ್ಪವಾಗುತ್ತವೆ, ಕೆಳಗೆ ಕೊಯ್ದ ತುದಿ ಕೊಳೆಯುತ್ತಿರುತ್ತದೆ, ಗಾಳಿಗೆ ಮೊದಲು ಮುರಿಯುವುದು ಅವೇ. ಐದು ಸಾವಿರದ ಕೆಲಸ ಹೀಗೆ ಮೂರ್ನಾಲ್ಕು ವರ್ಷಕ್ಕೊಮ್ಮೆ ಮರಳಿ ಬರುವ ಖರ್ಚಾಗುತ್ತದೆ, ಪ್ರತಿ ಸಲವೂ ಅಪಾಯ ಹೆಚ್ಚುತ್ತಾ ಹೋಗುತ್ತದೆ. ಒಂದು ವರ್ಷದಲ್ಲಿ ಹಸಿರಿನ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಬಾರದೆಂಬುದು ಬಲ್ಲವರ ಮಾತು. ದರವನ್ನು ಒಂದು ದಿನಕ್ಕಲ್ಲ, ಹತ್ತು ವರ್ಷಕ್ಕೆ ಹಂಚಿ ನೋಡಿದರೆ ಇಪ್ಪತ್ತು ಸಾವಿರವೇ ಅಗ್ಗವೆನಿಸುವುದು ಅಪರೂಪವಲ್ಲ.

ಇನ್ನು ಹತ್ತುವವನ ಜೀವ. ಮನೆಯ ವೈರಿಂಗ್ ಮಾಡುವವರಿಗೆ ಪರವಾನಗಿ ಇರಬೇಕೆಂದು ನಾವು ಬಯಸುತ್ತೇವೆ. ಐವತ್ತಡಿ ಎತ್ತರದಲ್ಲಿ ಗರಗಸ ಹಿಡಿಯುವವನ ಕಾಲಲ್ಲಿ ಹವಾಯಿ ಚಪ್ಪಲಿ, ಸೊಂಟದಲ್ಲಿ ಬರೀ ಹಳೆಯ ಹಗ್ಗ ಇದ್ದರೂ ಏನೂ ಅನ್ನಿಸುವುದಿಲ್ಲ. ಅವನು ಬಿದ್ದರೆ ಬೆನ್ನುಮೂಳೆ ಮುರಿದುಕೊಂಡು ಮಲಗುವುದು ಅವನು, ಬೀದಿಗೆ ಬೀಳುವುದು ಅವನ ಹೆಂಡತಿ ಮಕ್ಕಳು. ಕಡಿಮೆ ದರದಲ್ಲಿ ಉಳಿದ ಹಣ ಎಲ್ಲಿಂದ ಉಳಿಯಿತು ಎಂದು ಕೇಳಿದರೆ ಉತ್ತರ ಇಲ್ಲೇ ಇದೆ: ಬೆಲ್ಟು, ಹೆಲ್ಮೆಟ್ಟು, ವಿಮೆ ಇಲ್ಲದ್ದರಿಂದ. ಇದನ್ನು ಸರಿಪಡಿಸಲಾಗದು ಎನ್ನುವಂತಿಲ್ಲ. ತೆಂಗು ಅಭಿವೃದ್ಧಿ ಮಂಡಳಿ 2011ರಿಂದ ಮರ ಹತ್ತುವ ಯಂತ್ರದಲ್ಲಿ ಯುವಕ ಯುವತಿಯರಿಗೆ ತರಬೇತಿ ಕೊಡುತ್ತ ಬಂದಿದೆ, ತೆಂಗು ಹತ್ತುವವರಿಗಾಗಿಯೇ ‘ಕೇರ ಸುರಕ್ಷಾ’ ವಿಮೆ ತಂದಿದೆ. ಕಣ್ಣೂರಿನ ಚೆಂಪೇರಿಯ ರೈತನೊಬ್ಬ ರೂಪಿಸಿದ ಯಂತ್ರ ಆ ತರಬೇತಿಯ ಮೂಲಕ ಎಷ್ಟೋ ಜನರ ಕೈಸೇರಿತು. ಮಾವು, ಹಲಸು, ಗುಲ್‌ಮೊಹರ್ ಹತ್ತುವವರಿಗೆ ಅಂಥ ಆಸರೆ ಯಾಕಿರಬಾರದು?

ಕಾನೂನಿನ ಮಾತು ಚುಟುಕಾಗಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಸ್ವಂತ ಅಂಗಳದ ಮರವಾದರೂ ಕಡಿಯಲು ವೃಕ್ಷ ಅಧಿಕಾರಿಯ ಅನುಮತಿ ಬೇಕು. ತೆಂಗು, ನೀಲಗಿರಿ, ಸಿಲ್ವರ್ ಓಕ್‌ನಂಥ ಕೆಲವು ಜಾತಿಗಳಿಗೆ ವಿನಾಯಿತಿ ಇದೆ. ಮನೆ ಮುಂದಿನ ಫುಟ್‌ಪಾತಿನ ಮರ ನಮ್ಮದಲ್ಲ, ಪಾಲಿಕೆಯದು; ಅದಕ್ಕೆ ಗರಗಸ ಹಾಕಿಸುವ ಅಧಿಕಾರ ನಮಗಿಲ್ಲ. ಅನುಮತಿ ಪತ್ರ ತೋರಿಸಿ ಎಂದು ಮೊದಲೇ ಕೇಳುವ ಕೆಲಸಗಾರನನ್ನು ನಂಬಬಹುದು.

ಇಷ್ಟೆಲ್ಲ ಹೇಳಿದರೂ ಒಂದು ಆಕ್ಷೇಪ ಉಳಿಯುತ್ತದೆ, ಅದು ಗಟ್ಟಿಯಾದದ್ದು. ಪಿಂಚಣಿಯಲ್ಲಿ ಬದುಕುವ ಹಿರಿಯರು ಇಪ್ಪತ್ತು ಸಾವಿರ ಎಲ್ಲಿಂದ ತರಬೇಕು? ಮರದ ನೆರಳು ಇಡೀ ಬೀದಿಗೆ, ಖರ್ಚು ಮಾತ್ರ ಒಂದು ಮನೆಗೆ. ಇದು ಅನ್ಯಾಯ. ಈ ಅನ್ಯಾಯದಿಂದಲೇ ಎಷ್ಟೋ ಮನೆಗಳಲ್ಲಿ ಮರ ಸದ್ದಿಲ್ಲದೆ ಮಾಯವಾಗುತ್ತದೆ, ಹೊಸ ಮನೆಗಳಲ್ಲಿ ನೆಡುವುದೇ ಇಲ್ಲ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳ ಅವರ ಮುಂದಾಳತ್ವದಲ್ಲಿ ಬೆಂಗಳೂರಿನಲ್ಲಿ ಸುಮಾರು 15 ಲಕ್ಷ ಸಸಿಗಳನ್ನು ನೆಡಲಾಯಿತು. ಅವುಗಳಲ್ಲಿ ಉಳಿದವಕ್ಕೆ ಈಗ ನಲವತ್ತು ದಾಟಿದೆ. ಅದೇ ಕಾಲದಲ್ಲಿ ಜನ ತಮ್ಮ ಕಾಂಪೌಂಡುಗಳಲ್ಲಿ ನೆಟ್ಟವೂ ಅದೇ ವಯಸ್ಸಿನವು. ಒಂದು ಊರಿನ ಮರಗಳು ಒಟ್ಟಿಗೇ ವಯಸ್ಸಾಗುತ್ತಿರುವಾಗ ಆರೈಕೆಯನ್ನು ಮನೆಯವರ ಜೇಬಿಗೆ ಬಿಟ್ಟು ಕೂರುವುದು ಸಲ್ಲದು. ಪ್ರತಿ ವಾರ್ಡಿಗೆ ತರಬೇತಿ ಪಡೆದ, ವಿಮೆಯುಳ್ಳ ಮರ ಕೆಲಸಗಾರರ ಪಟ್ಟಿ, ಬಹಿರಂಗವಾದ ದರ, ದೊಡ್ಡ ಮರ ಉಳಿಸಿಕೊಂಡವರಿಗೆ ಆಸ್ತಿ ತೆರಿಗೆಯಲ್ಲಿ ರಿಯಾಯಿತಿ — ಇವನ್ನು ಕೊಡುವುದು ಪಾಲಿಕೆಗೆ ಭಾರವಲ್ಲ.

ಅಲ್ಲಿಯವರೆಗೆ ನಮ್ಮ ಕೈಯಲ್ಲೇ ಇರುವ, ಖರ್ಚಿಲ್ಲದ ಆರೈಕೆಯೂ ಇದೆ. ಬುಡದ ಸುತ್ತ ಕನಿಷ್ಠ ಮೂರಡಿ ಮಣ್ಣು ತೆರೆದಿರಲಿ, ಅಲ್ಲಿಗೆ ಸಿಮೆಂಟು ಬೇಡ. ಕೊಳವೆ ಹಾಕಲು ಅಗೆಯುವಾಗ ಹೆಬ್ಬೇರು ಕಡಿಯಬೇಡಿ. ಬೇರು ಕಳೆದುಕೊಂಡ ಮರ ಮುಂದಿನ ಗಾಳಿಗೆ ಉರುಳುತ್ತದೆ. ಸಸಿಯ ಅಡ್ಡ ರೆಂಬೆಯನ್ನು ಹೆಬ್ಬೆರಳ ಗಾತ್ರವಿರುವಾಗಲೇ ತೆಗೆದರೆ ಮೂವತ್ತು ವರ್ಷದ ನಂತರದ ಕ್ರೇನು ತಪ್ಪುತ್ತದೆ. ಮಾವಿನ ಬಂದಳಿಕೆಯನ್ನು ಹರಡುವ ಮೊದಲೇ ಕೀಳಿಸಿ. ಬುಡದಲ್ಲಿ ಅಣಬೆ ಎದ್ದರೆ, ಕಾಂಡ ಒಂದೇ ಸಮನೆ ವಾಲುತ್ತಿದ್ದರೆ, ಆಗ ತಡಮಾಡದೆ ಬಲ್ಲವರನ್ನು ಕರೆಸಿ.

ಏಪ್ರಿಲ್‌ನ ಗಾಳಿಮಳೆ ಶುರುವಾಗುವ ಮುಂಚೆ, ಜನವರಿ ಫೆಬ್ರವರಿಯಲ್ಲೇ ನಿಮ್ಮ ಮರವನ್ನು ಒಮ್ಮೆ ತೋರಿಸಿ. ಬಂದವರನ್ನು ಎಷ್ಟಾಗುತ್ತದೆ ಎಂದು ಕೇಳುವ ಮೊದಲು, ಯಾವ ಕೊಂಬೆಯನ್ನು ಉಳಿಸುತ್ತೀರಿ, ಯಾಕೆ, ನಿಮ್ಮ ಹುಡುಗರಿಗೆ ವಿಮೆ ಇದೆಯೇ ಎಂದು ಕೇಳಿ. ಸರಿಯಾದ ಉತ್ತರ ಕೊಟ್ಟವರು ಹೇಳಿದ ದರದಲ್ಲಿ ದಯವಿಟ್ಟು ಚೌಕಾಸಿ ಮಾಡಬೇಡಿ.