ದೂರಿಗೂ ಜಾಗವಿರುವ ಭರವಸೆ

ನೋವುಂಡವರಿಗೆ ‘ಎಲ್ಲ ದೇವರ ಚಿತ್ತ’ ಎಂದು ಥಟ್ಟನೆ ಹೇಳಿಬಿಡುವುದು ಕ್ರೈಸ್ತ ಭರವಸೆಯಲ್ಲ. ಬೈಬಲಿನ 150 ಕೀರ್ತನೆಗಳಲ್ಲಿ ಹಲವು ದೇವರ ಮುಂದಿಟ್ಟ ದೂರುಗಳೇ; 88ನೆಯದಂತೂ ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನು ಕಿತ್ತುಹಾಕದೆ ಆರಾಧನೆಯಲ್ಲಿ ಉಳಿಸಿಕೊಂಡ ಪರಂಪರೆ ಅಳುವವರ ಬಾಯಿ ಮುಚ್ಚಿಸಕೂಡದು. ಆದರೂ ಕ್ರೈಸ್ತ ನಂಬಿಕೆ ಜನರನ್ನು ಅನ್ಯಾಯಕ್ಕೆ ಒಗ್ಗಿಸುತ್ತದೆಂಬ ಆಕ್ಷೇಪವಿದೆ. ಹಾಗೆ ಬಳಕೆಯಾದದ್ದೂ ಉಂಟು: ಅಮೆರಿಕದಲ್ಲಿ ಗುಲಾಮರಿಗೆ ಪರಲೋಕದ ಆಸೆ ತೋರಿಸಿ ದುಡಿಸಿಕೊಂಡ ಒಡೆಯರಿದ್ದರು. ಆದರೆ ಅದೇ ನಂಬಿಕೆಯ ಜರ್ಮನ್ ಪಾದ್ರಿ ಡೀಟ್ರಿಕ್ ಬಾನ್‌ಹೋಫರ್ ಹಿಟ್ಲರನನ್ನು ಎದುರಿಸಿದರು. 1939ರಲ್ಲಿ ಅಮೆರಿಕದ ಸುರಕ್ಷತೆ ಬಿಟ್ಟು ಸ್ವದೇಶಕ್ಕೆ ಮರಳಿದರು, 1943ರಲ್ಲಿ ಸೆರೆಯಾದರು, 1945ರ ಏಪ್ರಿಲ್‌ನಲ್ಲಿ ಗಲ್ಲಿಗೇರಿದರು. ಸೆರೆಮನೆಯ ಪತ್ರಗಳಲ್ಲಿ ಅವರು ಕಂಡ ದೇವರು ನರಳುವವರೊಡನೆ ತಾನೂ ನರಳುವವನು. ನೋವು ಒಳ್ಳೆಯದೆಂದು ಒಪ್ಪಿಕೊಳ್ಳದೆಯೂ ಅದರ ನಡುವೆ ಇನ್ನೊಬ್ಬರ ಹೊಣೆ ಹೊರಲು ಅವರಿಗೆ ಸಾಧ್ಯವಾದದ್ದು ಈ ನಂಬಿಕೆಯಿಂದಲೇ.