ಬಾಟನಿ ಓದಿ ಏನು ಮಾಡುವುದು?



ದ್ವಿತೀಯ ಪಿಯುಸಿ ಮತ್ತು ನೀಟ್ ಫಲಿತಾಂಶಗಳು ಹೊರಬೀಳುವ ದಿನಗಳಲ್ಲಿ ನನ್ನ ದೂರವಾಣಿಗೆ ಬಿಡುವಿರುವುದಿಲ್ಲ. ಒಂದು ಕಾಲಕ್ಕೆ ನನ್ನೆದುರಿನ ಬೆಂಚುಗಳಲ್ಲಿ ಕುಳಿತವರು ಈಗ ಕಾಲೇಜು ಮೆಟ್ಟಿಲೇರುವ ಮಕ್ಕಳ ತಂದೆ ತಾಯಿಯರು. "ಸರ್, ಮಗಳಿಗೆ ಮೆಡಿಕಲ್ ಸೀಟು ಸಿಗಲಿಲ್ಲ, ಬಿ.ಎಸ್ಸಿ.ಗೆ ಸೇರಿಸುವುದಷ್ಟೇ ಉಳಿದಿದೆ. ಬಾಟನಿ ಓದಿ ಏನು ಮಾಡುವುದು ಸರ್?" ಎಂದು ಕೇಳುತ್ತಾರೆ. ಏನೂ ಮಾಡಲಾಗದು ಎಂಬ ಉತ್ತರವನ್ನು ಮೊದಲೇ ನಿಶ್ಚಯಿಸಿಕೊಂಡು ಕೇಳುವ ಪ್ರಶ್ನೆ ಅದು. ಫೋನಿನಲ್ಲಿ ಎರಡು ಮಾತಿನಲ್ಲಿ ಮುಗಿಸುವ ವಿಷಯವಲ್ಲವಾದ್ದರಿಂದ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ಸಸ್ಯಗಳನ್ನು ಬಲ್ಲವರಿಗೆ ಕೆಲಸವಿದೆ. ಸಸ್ಯಶಾಸ್ತ್ರದ ಅಂಕಪಟ್ಟಿ ಮಾತ್ರ ಇದ್ದವರಿಗೆ ಇಲ್ಲ. ಇದು ನನ್ನ ಖಚಿತ ಅಭಿಪ್ರಾಯ. ನಮ್ಮ ಘಟ್ಟದ ಮೇಲಿನ ತಾಲೂಕುಗಳಲ್ಲಿ ಈ ವಿಷಯಕ್ಕೆ ಸೇರುವವರು ಬಹುತೇಕ ಹಳ್ಳಿಯ ಹೆಣ್ಣುಮಕ್ಕಳು. ಬೆಳಗಿನ ಬಸ್ಸಿಗೆ ಎರಡು ಮೈಲಿ ನಡೆದು ಬಂದು ಸರಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಓದುವವರು, ಮನೆತನದಲ್ಲಿ ಮೊದಲ ಪದವೀಧರೆಯರಾಗುವವರು. ಮನೆಯವರು ಅವರಿಗೆ ಕೊಟ್ಟಿರುವುದು ಮೂರೇ ವರ್ಷ. ಆ ಮೂರು ವರ್ಷ ಮುಗಿದಾಗ ಕೈಯಲ್ಲಿ ಕಾಗದವಲ್ಲದೆ ಬೇರೇನೂ ಇಲ್ಲದಿದ್ದರೆ, "ಓದಿಸಿದ್ದು ದಂಡವಾಯಿತು" ಎಂದು ಹಿರಿಯರು ತೀರ್ಮಾನಿಸುತ್ತಾರೆ. ಆ ತೀರ್ಮಾನದ ಫಲವನ್ನು ಉಣ್ಣುವವಳು ಹತ್ತನೆಯ ತರಗತಿಯಲ್ಲಿರುವ ತಂಗಿ.

ಹಾಗಾದರೆ ಆ ಮೂರು ವರ್ಷ ಪ್ರಯೋಗಾಲಯದಲ್ಲಿ ಏನು ನಡೆಯುತ್ತದೆ? ನಾನು ಬಲ್ಲ ಒಂದು ಕಾಲೇಜಿನಲ್ಲಿ ಫಾರ್ಮಲಿನ್ ಬಾಟಲಿಗಳೊಳಗಿನ ಮಾದರಿಗಳು ಬಣ್ಣ ಕಳೆದುಕೊಂಡು, ಯಾವುದು ಪಾಚಿ, ಯಾವುದು ಶಿಲೀಂಧ್ರ ಎಂದು ಹಚ್ಚಿದ ಚೀಟಿಯಿಂದಲೇ ತಿಳಿಯಬೇಕಾದ ಸ್ಥಿತಿಗೆ ಬಂದಿವೆ. ವಿದ್ಯಾರ್ಥಿಗಳು ಬಾಟಲಿಯ ಮುಚ್ಚಳದ ಬಿರುಕನ್ನು ನೋಡಿ 'ಸ್ಪಾಟರ್' ಗುರುತಿಸುತ್ತಾರೆ! ರೆಕಾರ್ಡ್ ಪುಸ್ತಕ ಹಿಂದಿನ ವರ್ಷದ ಅಕ್ಕನಿಂದ ನಕಲಾಗಿ ಬರುತ್ತದೆ. ಹರ್ಬೇರಿಯಂ ಹಾಳೆಗಳನ್ನು ಹಣ ಕೊಟ್ಟು ಮಾಡಿಸಿಕೊಂಡವರನ್ನೂ ಕಂಡಿದ್ದೇನೆ. ಪರೀಕ್ಷಕರು ಬರುತ್ತಾರೆ, ಸಹಿಯಾಗುತ್ತದೆ, ಅಂಕವೂ ಬರುತ್ತದೆ. ಇದು ಅಧ್ಯಾಪಕರೊಬ್ಬರ ದೋಷವೆಂದು ನಾನು ಹೇಳಲಾರೆ. ಅತಿಥಿ ಉಪನ್ಯಾಸಕರಾಗಿ ಅರ್ಧ ವರ್ಷಕ್ಕೆ ಬಂದು ಹೋಗುವವರು ವಿದ್ಯಾರ್ಥಿಗಳನ್ನು ಯಾವ ಧೈರ್ಯದಿಂದ ಕಾಡಿಗೆ ಕರೆದೊಯ್ಯಬೇಕು?

ಕರೆದೊಯ್ಯುವ ಸಂಪ್ರದಾಯ ನಮ್ಮಲ್ಲಿ ಇಲ್ಲದಿರಲಿಲ್ಲ. ಬಿ.ಜಿ.ಎಲ್. ಸ್ವಾಮಿಯವರು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನ ವಿದ್ಯಾರ್ಥಿಗಳನ್ನು ಪಶ್ಚಿಮ ಘಟ್ಟಗಳಿಗೆ ಕರೆತಂದು ಕಲಿಸಿದ ಕಥೆಯೇ 'ಹಸುರು ಹೊನ್ನು'. 1978ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಅದಕ್ಕೆ ಬಂತು. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಪಾದ್ರಿ ಸೆಸಿಲ್ ಸಲ್ಡಾನಾ ಅವರು ಡ್ಯಾನ್ ನಿಕಲ್ಸನ್ ಅವರೊಡನೆ ಹಾಸನ ಜಿಲ್ಲೆಯ ಸಸ್ಯಸಂಪತ್ತಿನ ಗ್ರಂಥವನ್ನು 1976ರಲ್ಲಿ ಹೊರತಂದರು. ಊರೂರು ತಿರುಗಿ ಗಿಡ ಸಂಗ್ರಹಿಸದೆ ಅಂಥ ಪುಸ್ತಕ ಆಗುವುದಿಲ್ಲ. ಸ್ವಾಮಿಯವರ ಪುಸ್ತಕ ನಮ್ಮ ಮನೆಗಳಲ್ಲಿದೆ, ಓದಿ ನಗುತ್ತೇವೆ. ಆದರೆ ಮಗಳ ಕಾಲೇಜು ವರ್ಷಕ್ಕೆ ಎಷ್ಟು ದಿನ ಹೊರಗೆ ಕರೆದೊಯ್ಯುತ್ತದೆ ಎಂದು ಪ್ರವೇಶದ ದಿನ ಕೇಳಿದ ಪಾಲಕರನ್ನು ನಾನು ಕಂಡಿಲ್ಲ. ಹಾಸ್ಟೆಲ್, ಬಸ್ಸು, ಶುಲ್ಕ ಎಲ್ಲವನ್ನೂ ಕೇಳುತ್ತಾರೆ.

ಕೈಗೆ ಬಂದ ಸಸ್ಯಜ್ಞಾನಕ್ಕೆ ಬೆಲೆ ಎಲ್ಲಿದೆ ಎಂಬುದಕ್ಕೆ ನಮ್ಮ ಅಡಿಕೆ ತೋಟಗಳಿಂದಲೇ ಉದಾಹರಣೆ ಕೊಡುತ್ತೇನೆ. ಜಾಯಿಕಾಯಿಯಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದಿಂದ ಎದ್ದ ಸಸಿಗಳಲ್ಲಿ ಸರಿಸುಮಾರು ಅರ್ಧ ಗಂಡಾಗುತ್ತವೆ. ಅದು ತಿಳಿಯುವುದು ಹೂ ಬಿಟ್ಟಾಗ, ಅಂದರೆ ನೆಟ್ಟು ಆರೇಳು ವರ್ಷವಾದ ಮೇಲೆ. ಅಷ್ಟು ವರ್ಷ ನೀರು ಗೊಬ್ಬರ ಕೊಟ್ಟು ಕೊನೆಗೆ ಕೊಡಲಿ ಹಿಡಿಯಬೇಕು. ಮುರುಗಲದ್ದೂ ಇದೇ ಪಾಡು. ಇದಕ್ಕೆ ಉಪಾಯ ಹೆಣ್ಣು ಮರದ ಕಡ್ಡಿ ತಂದು ಕಸಿ ಕಟ್ಟುವುದು. ಅಲ್ಲಿಯೂ ಒಂದು ಸೂಕ್ಷ್ಮವಿದೆ: ಅಡ್ಡಕ್ಕೆ ಚಾಚಿದ ಕೊಂಬೆಯ ಕಡ್ಡಿ ಕಟ್ಟಿದರೆ ಗಿಡ ಪೊದೆಯಂತೆ ಅಡ್ಡಕ್ಕೇ ಹಬ್ಬುತ್ತದೆ, ನೆಟ್ಟಗೆ ಮೇಲೇರಿದ ಚಿಗುರಿನ ಕಡ್ಡಿ ಕಟ್ಟಿದರೆ ಮಾತ್ರ ಮರವಾಗಿ ಏಳುತ್ತದೆ. ಕಾಳುಮೆಣಸನ್ನು ಸೊರಗು ರೋಗ ತಡೆಯುವ ಬ್ರೆಜಿಲ್ ಹಿಪ್ಪಲಿಯ ಮೇಲೆ ಕಸಿ ಕಟ್ಟುವುದೂ ಇಂಥದೇ ವಿದ್ಯೆ. ಇವೆಲ್ಲ ಬಿ.ಎಸ್ಸಿ. ಪಠ್ಯದ ಲಿಂಗವ್ಯವಸ್ಥೆ, ಅಂಗರಚನೆ, ಸಸ್ಯರೋಗಗಳ ಅಧ್ಯಾಯಗಳಲ್ಲದೆ ಬೇರೇನೂ ಅಲ್ಲ. ಆದರೆ ಇದನ್ನು ಬಳಸಿ ನರ್ಸರಿ ನಡೆಸುತ್ತಿರುವವರಲ್ಲಿ ಹಲವರು ಹತ್ತನೆಯ ತರಗತಿ ಮುಗಿಸಿದವರು. ಪದವೀಧರರು ಅವರ ಬಳಿ ಸಸಿ ಕೊಳ್ಳಲು ಹೋಗುತ್ತಾರೆ!

ರಾಣೆಬೆನ್ನೂರಿನ ಕಡೆ ಹೋದವರು ನೋಡಿರಬಹುದು. ಅಲ್ಲಿ ಸಂಕರಣ ಬೀಜದ ಉತ್ಪಾದನೆ ದೊಡ್ಡ ಉದ್ಯೋಗ. ಟೊಮೆಟೊ ಹೂವು ಅರಳುವ ಮುನ್ನ ಸಂಜೆ ಚಿಮಟದಿಂದ ಕೇಸರಗಳನ್ನು ಕಿತ್ತು, ಮರುದಿನ ಬೆಳಿಗ್ಗೆ ಗಂಡು ಸಾಲಿನ ಪರಾಗವನ್ನು ಶಲಾಕಾಗ್ರಕ್ಕೆ ಮುಟ್ಟಿಸಿ, ಗುರುತಿಗೆ ಹೂವಿನ ಬುಡದ ಹಸಿರು ಎಸಳೊಂದನ್ನು ಕತ್ತರಿಸುವ ಕೂಲಿ ಹೆಣ್ಣುಮಕ್ಕಳ ಕೈ ಎಷ್ಟು ಚುರುಕು! ಅದೇ ಕ್ರಿಯೆಯ ಚಿತ್ರ ಬರೆದು ಹತ್ತಕ್ಕೆ ಹತ್ತು ಅಂಕ ಪಡೆದ ನಮ್ಮ ಪದವೀಧರೆಗೆ ಹೂವನ್ನು ಶಲಾಕೆ ಮುರಿಯದೆ ಬಿಡಿಸಲು ಬರುವುದಿಲ್ಲ. ಇಬ್ಬರ ವಿದ್ಯೆಯೂ ಒಬ್ಬಳಲ್ಲಿ ಸೇರಿದರೆ ಬೀಜ ಕಂಪನಿಗಳಿಗೆ ಅಂಥವಳೇ ಬೇಕು. ನಾನೂರು ಬೀಜಗಳನ್ನು ನೂರರಂತೆ ನಾಲ್ಕು ಪಾಲು ಮಾಡಿ ಮೊಳಕೆ ಎಣಿಸುವುದು, ಹೊಲದಲ್ಲಿ ಬೆಳೆಸಿ ತಳಿ ಶುದ್ಧವೇ ಎಂದು ನೋಡುವುದು, ಲೆಕ್ಕವನ್ನು ಕಂಪ್ಯೂಟರಿಗೆ ಏರಿಸುವುದು ಇವು ಅಲ್ಲಿನ ದಿನನಿತ್ಯದ ಕೆಲಸಗಳು.

ಆಯುರ್ವೇದ ಔಷಧಿ ತಯಾರಕರಿಗೂ ಸಸ್ಯ ಬಲ್ಲವರು ಬೇಕು. ಅಶೋಕಾರಿಷ್ಟಕ್ಕೆ ಬೇಕಾದದ್ದು ಕೇಸರಿ ಹೂಗೊಂಚಲಿನ ನಿಜವಾದ ಅಶೋಕದ ತೊಗಟೆ. ಮಾರುಕಟ್ಟೆಯಲ್ಲಿ ಅದಕ್ಕೆ ಬೆರೆಯುವುದು ಶಾಲೆಗಳ ಕಾಂಪೌಂಡಿನಲ್ಲಿ ಕಂಬದಂತೆ ನೇರವಾಗಿ ಬೆಳೆಯುವ, ಜನ ತಪ್ಪಾಗಿ ಅಶೋಕವೆಂದೇ ಕರೆಯುವ ಪಾಲಿಯಾಲ್ಥಿಯಾ ಮರದ ತೊಗಟೆ. ಒಣಗಿ ಚೂರಾದ ಮೇಲೆ ಎರಡನ್ನೂ ಬೇರ್ಪಡಿಸಲು ತೆಳುವಾಗಿ ಸೀಳಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಡಿ ನೋಡಬೇಕು. ಬ್ಲೇಡು ಹಿಡಿದು ಕಾಂಡದ ಅಡ್ಡಸೀಳಿಕೆ ತೆಗೆಯುವ ಆ ಹಳೆಯ ಪಾಠ ನಿರರ್ಥಕವೆಂದು ಹೇಳುವವರು ಇದನ್ನು ಗಮನಿಸಬೇಕು. ಪಾಠ ನಿರರ್ಥಕವಲ್ಲ, ಅದನ್ನು ಏಕೆ ಕಲಿಸುತ್ತಿದ್ದೇವೆಂದು ಯಾರೂ ಹೇಳದೆ ಹೋದದ್ದೇ ತೊಂದರೆ.

ಮುಚ್ಚಿರುವ ಬಾಗಿಲುಗಳನ್ನೂ ಹೇಳಿಬಿಡುತ್ತೇನೆ, ಏಕೆಂದರೆ ಪ್ರವೇಶದ ಕಾಲದಲ್ಲಿ ಕಾಲೇಜುಗಳು ಇದನ್ನು ಹೇಳುವುದಿಲ್ಲ. ರಾಜ್ಯದ ಕೃಷಿ ಅಧಿಕಾರಿ, ತೋಟಗಾರಿಕಾ ಅಧಿಕಾರಿ ಹುದ್ದೆಗಳು ಆಯಾ ಪದವಿ ಪಡೆದವರಿಗೆ ಮೀಸಲು. ಬಾಟನಿಯವರು ಆಸೆ ಪಡಬಾರದು. ಕೋಲ್ಕತ್ತದಲ್ಲಿ ಕೇಂದ್ರ ಕಚೇರಿಯಿರುವ, 1890ರಷ್ಟು ಹಳೆಯದಾದ ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆಯ ಸಂಶೋಧನಾ ಹುದ್ದೆಗಳಿಗೆ ಎಂ.ಎಸ್ಸಿ. ಬೇಕು. ಭಾರತೀಯ ಅರಣ್ಯ ಸೇವೆಯ ಪರೀಕ್ಷೆಗೆ ಮಾತ್ರ ಸಸ್ಯಶಾಸ್ತ್ರದ ಪದವಿಯೇ ಅರ್ಹತೆ. ಅದು ಬಹಳ ಕಠಿಣ. ಕೊನೆಯಲ್ಲಿ ನಾಲ್ಕು ಗಂಟೆಯಲ್ಲಿ ಗಂಡಸರು 25, ಹೆಂಗಸರು 14 ಕಿಲೋಮೀಟರ್ ನಡೆದು ತೋರಿಸಬೇಕು. (ಬಸ್ಸಿಗೆ ದಿನಾ ನಡೆಯುವ ನಮ್ಮ ಹುಡುಗಿಯರಿಗೆ ಈ ಭಾಗ ಹೆದರಿಕೆಯದಲ್ಲ.) ಕಾಫಿ ಮಂಡಳಿ ನಡೆಸುವ ಕಾಫಿ ಗುಣಮಟ್ಟ ನಿರ್ವಹಣೆಯ ಡಿಪ್ಲೊಮಾಕ್ಕೆ ಸಸ್ಯಶಾಸ್ತ್ರವನ್ನು ಒಂದು ವಿಷಯವಾಗಿ ಓದಿದವರು ಅರ್ಜಿ ಹಾಕಬಹುದು ಎಂಬುದು ಚಿಕ್ಕಮಗಳೂರು, ಕೊಡಗಿನವರಿಗೇ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಇನ್ನು ಬಿ.ಎಡ್. ಮಾಡಿ ಶಿಕ್ಷಕರಾಗುವ ದಾರಿ. ನಾನೇ ಆ ದಾರಿಯಲ್ಲಿ ನಡೆದವನು, ಅದನ್ನು ಹೀಗಳೆಯಲಾರೆ. ಆದರೆ "ಏನೂ ಆಗದಿದ್ದರೆ ಬಿ.ಎಡ್. ಇದ್ದೇ ಇದೆ" ಎನ್ನುವವರು ದಯವಿಟ್ಟು ಬೇರೆ ಕೆಲಸ ಹುಡುಕಲಿ. ಗಿಡ ಮುಟ್ಟದೆ ಪದವಿ ಪಡೆದವರು ಶಾಲೆಗೆ ಬಂದು ದಾಸವಾಳದ ಹೂವನ್ನೂ ಕಪ್ಪುಹಲಗೆಯ ಮೇಲೆಯೇ ತೋರಿಸುತ್ತಾರೆ. ಕಿಟಕಿಯ ಹೊರಗೆ ದಾಸವಾಳ ಅರಳಿರುತ್ತದೆ.

ಕಾಲೇಜು ಮಾಡದಿದ್ದರೆ ವಿದ್ಯಾರ್ಥಿಯೇ ಮಾಡಬೇಕು ಎಂದು ಹೇಳುವುದು ಅನ್ಯಾಯವೆಂದು ನನಗೂ ಗೊತ್ತು. ಆದರೂ ಹೇಳುತ್ತೇನೆ, ಏಕೆಂದರೆ ಸರಕಾರ ಸರಿಯಾಗುವವರೆಗೆ ಮೂರು ವರ್ಷ ಕಾಯುವುದಿಲ್ಲ. ಒಂದು ಬೇಸಿಗೆ ರಜೆಯನ್ನು ಸಮೀಪದ ನರ್ಸರಿಯಲ್ಲಿ ಕಳೆಯಿರಿ. ಸಂಬಳ ಕೇಳದಿದ್ದರೂ ಮಧ್ಯಾಹ್ನದ ಊಟ ಕೇಳಲು ಸಂಕೋಚ ಬೇಡ. ನೂರು ಕಸಿ ಕಟ್ಟಿ ಎಷ್ಟು ಬದುಕಿದವೆಂದು ಬರೆದಿಡಿ. ನಲವತ್ತೇ ಬದುಕಿದರೂ ಆ ಪುಸ್ತಕ ರೆಕಾರ್ಡಿಗಿಂತ ಮೇಲು. 2002ರ ಜೀವವೈವಿಧ್ಯ ಕಾಯ್ದೆಯಂತೆ ನಿಮ್ಮ ಗ್ರಾಮ ಪಂಚಾಯಿತಿಯಲ್ಲೊಂದು ಜೀವವೈವಿಧ್ಯ ದಾಖಲಾತಿ ಇರಬೇಕು. ಹೋಗಿ ನೋಡಿ, ಅದರಲ್ಲಿ ಬಿಟ್ಟುಹೋದ ಗಿಡಗಳನ್ನು ಪಟ್ಟಿ ಮಾಡಿ.

ಮತ್ತು ಹರ್ಬೇರಿಯಂ ಸ್ವತಃ ಮಾಡಿ. ಹೂವೋ ಕಾಯಿಯೋ ಇರುವ ರೆಂಬೆಯನ್ನೇ ಆರಿಸಿ, ಹಳೆಯ ದಿನಪತ್ರಿಕೆಯ ನಡುವೆ ಒತ್ತಿಡಿ. ಮಳೆಗಾಲದಲ್ಲಿ ಕಾಗದವನ್ನು ದಿನವೂ ಬದಲಿಸದಿದ್ದರೆ ಬೂಷ್ಟು ಹಿಡಿಯುತ್ತದೆ; ನಮ್ಮಲ್ಲಿ ಅಡಿಕೆ ಒಣಗಿಸುವ ಅಟ್ಟದ ಬಿಸಿ ಇದಕ್ಕೆ ಹೇಳಿ ಮಾಡಿಸಿದಂತಿದೆ. ಒಣಗಿದರೆ ಹೂವಿನ ಬಣ್ಣ ಉಳಿಯುವುದಿಲ್ಲ, ಆದ್ದರಿಂದ ಅದನ್ನು ಅಂದೇ ಬರೆಯಿರಿ; ಸ್ಥಳ, ದಿನಾಂಕ, ಮರದ ಎತ್ತರ ಕೂಡ. ಊರಿನ ಹೆಸರನ್ನು ಅಜ್ಜಿಯ ಬಳಿ ಕೇಳಿ, ಆಮೇಲೆ ಪುಸ್ತಕ ತೆರೆದು ಎಲೆ ಎದುರುಬದುರೇ ಒಂದಾದ ಮೇಲೊಂದೇ, ಮುರಿದರೆ ಹಾಲು ಬರುತ್ತದೆಯೇ ಎಂದು ಒಂದೊಂದೇ ಮೆಟ್ಟಿಲು ಇಳಿದು ಶಾಸ್ತ್ರೀಯ ಹೆಸರನ್ನು ನೀವೇ ಕಂಡುಹಿಡಿಯಿರಿ. ಮೊದಲ ಗಿಡಕ್ಕೆ ಒಂದು ದಿನ ಬೇಕಾದೀತು, ಐವತ್ತನೆಯದಕ್ಕೆ ಅರ್ಧ ಗಂಟೆ ಸಾಕು.

ಗಿಡ ಒತ್ತುವ ಹಲಗೆಗಳ ಜೊತೆಯೊಂದು ನಮ್ಮ ಅಟ್ಟದ ಮೇಲಿದೆ. ಈ ವರ್ಷ ಬಿ.ಎಸ್ಸಿ.ಗೆ ಸೇರುವ ನಿಮ್ಮ ಮಕ್ಕಳಲ್ಲಿ ಯಾರಿಗೆ ಬೇಕೋ ಅವರು ಬಂದು ಒಯ್ಯಬಹುದು. ಕಟ್ಟುವ ಹಗ್ಗ ಇಲಿ ಕಡಿದು ಹಾಳಾಗಿದೆ, ಅದನ್ನು ಮಾತ್ರ ಹೊಸದು ತರಬೇಕು.