ಉತಾರದಲ್ಲಿ ಹೆಂಡತಿಯ ಹೆಸರು ಏಕಿರಬೇಕು?



ವಿಶ್ವಸಂಸ್ಥೆ 2026ನೇ ವರ್ಷವನ್ನು ಅಂತರರಾಷ್ಟ್ರೀಯ ರೈತ ಮಹಿಳೆಯರ ವರ್ಷವೆಂದು ಘೋಷಿಸಿದೆ. ಶಾಲು, ಹಾರ, ಫೋಟೋ ಎಲ್ಲ ನಡೆಯುತ್ತವೆ, ನಡೆಯಲಿ. ಆದರೆ ಸರ್ಕಾರದ ಕಡತದಲ್ಲಿ ರೈತ ಎಂದರೆ ಜಮೀನಿನ ಕಾಗದದಲ್ಲಿ ಹೆಸರಿರುವವರು. 2015-16ರ ಕೃಷಿ ಗಣತಿಯ ಪ್ರಕಾರ ದೇಶದ ಹಿಡುವಳಿದಾರರಲ್ಲಿ ಮಹಿಳೆಯರು ಸುಮಾರು ಶೇ. 14 ಮಾತ್ರ; ಅವರ ಕೈಲಿರುವ ಭೂಮಿ ಶೇ. 12ಕ್ಕೂ ಕಡಿಮೆ. ಅಕ್ಕಲಕೋಟ, ಜತ್ತ ಕಡೆಯ ಜೋಳದ ಹೊಲದಲ್ಲಿ ಕಳೆ ತೆಗೆಯುವವರು ಯಾರೆಂಬುದು ನಮಗೆಲ್ಲ ಗೊತ್ತೇ ಇದೆ.

ಪಿಎಂ-ಕಿಸಾನ್ ಯೋಜನೆಯ ವರ್ಷದ 6,000 ರೂಪಾಯಿ ಜಮೀನು ಹೆಸರಿನಲ್ಲಿರುವವರ ಖಾತೆಗೆ ಹೋಗುತ್ತದೆ. ಬ್ಯಾಂಕಿನ ಬೆಳೆಸಾಲಕ್ಕೂ ಅದೇ ಕಾಗದ ಬೇಕು. ಗಂಡ ತೀರಿಕೊಂಡ ಮೇಲೆ ವಾರಸಾ ನೋಂದಣಿ ಆಗುವವರೆಗೆ ಹೆಂಡತಿ ಎರಡಕ್ಕೂ ಅಲೆಯಬೇಕು. ಭಾವ-ಮೈದುನರು ತಕರಾರು ಹಾಕಿದರಂತೂ ವರ್ಷಗಳೇ ಹಿಡಿಯುತ್ತವೆ. ಹೊಲದ ಕೆಲಸ ಮಾತ್ರ ಒಂದು ದಿನವೂ ನಿಲ್ಲುವುದಿಲ್ಲ.

ಕಾನೂನಿಗೆ ಕೊರತೆಯಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಆಂಧ್ರ 1986ರಲ್ಲಿ, ತಮಿಳುನಾಡು 1989ರಲ್ಲಿ, ಮಹಾರಾಷ್ಟ್ರ 1994ರಲ್ಲಿ ಸಮಪಾಲು ಕೊಟ್ಟವು. ಆದರೆ ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿದ್ದವು. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿ ಆ ಭೇದವನ್ನು ತೆಗೆಯಿತು. ತಂದೆ ಆ ದಿನ ಬದುಕಿರಬೇಕಾಗಿಲ್ಲ, ಹಕ್ಕು ಹುಟ್ಟಿನಿಂದಲೇ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ತೀರ್ಪಿತ್ತಿತು.

ಸೋಲುವುದು ಮನೆಯ ಪಡಸಾಲೆಯಲ್ಲಿ. ಅಣ್ಣ-ತಮ್ಮಂದಿರ ಮುಖ ನೋಡಿ ಅಕ್ಕ-ತಂಗಿಯರು ಹಕ್ಕು ಬಿಟ್ಟ ಪತ್ರಕ್ಕೆ ಸಹಿ ಹಾಕುತ್ತಾರೆ. ತವರು ತಪ್ಪೀತೆಂಬ ಅಂಜಿಕೆ ಎಲ್ಲ ಕಡೆ ಇದೆ. ಗಡಿಯಲ್ಲಿ ಇನ್ನೊಂದು ಕಷ್ಟವೂ ಇದೆ: ಆ ಪತ್ರ ಮರಾಠಿ, ತಮಿಳು, ತೆಲುಗು ಅಥವಾ ಮಲಯಾಳದಲ್ಲಿರುತ್ತದೆ. ಕನ್ನಡ ಮಾತ್ರ ಓದಬಲ್ಲ ಹೆಂಗಸು ತಾನು ಏನು ಬಿಟ್ಟುಕೊಟ್ಟೆನೆಂದು ತಿಳಿಯದೆಯೇ ಹೆಬ್ಬೆಟ್ಟು ಒತ್ತಿರುತ್ತಾಳೆ. ಭಾಷೆಯ ಹಕ್ಕಿಗೆ ಮನವಿ ಕೊಡುವ ನಾವು ಇದನ್ನೂ ಭಾಷೆಯ ಪ್ರಶ್ನೆಯೆಂದೇ ಎಣಿಸಬೇಕು.

ಸರ್ಕಾರ ಮನಸ್ಸು ಮಾಡಿದರೆ ದಾರಿಗಳಿವೆ. ಗಂಡ ಒಪ್ಪಿದರೆ ಅವನು ಬದುಕಿರುವಾಗಲೇ ಸಾತ್-ಬಾರಾ ಉತಾರದಲ್ಲಿ ಹೆಂಡತಿಯ ಹೆಸರು ಸೇರಿಸಲು ಮಹಾರಾಷ್ಟ್ರದಲ್ಲಿ 1992ರಿಂದ ಲಕ್ಷ್ಮೀ ಮುಕ್ತಿ ಯೋಜನೆಯಿದೆ. ಆದರೆ 'ಗಂಡ ಒಪ್ಪಿದರೆ' ಎಂಬ ಮಾತಿನಲ್ಲೇ ಅದರ ಮಿತಿಯೂ ಇದೆ. ಜಮೀನಿಲ್ಲದೆ ಲಾವಣಿಗೆ ಮಾಡುವ ಹೆಂಗಸಿಗೂ ಗ್ರಾಮಸಭೆಯ ಒಪ್ಪಿಗೆಯ ಮೇಲೆ ರೈತ ಮಹಿಳೆಯೆಂಬ ಪ್ರಮಾಣಪತ್ರ ಕೊಡಬೇಕೆಂದು ಎಂ.ಎಸ್. ಸ್ವಾಮಿನಾಥನ್ ರಾಜ್ಯಸಭೆಯಲ್ಲಿ ಖಾಸಗಿ ಮಸೂದೆ ಮಂಡಿಸಿದ್ದರು. ಅದು ಕಾಯ್ದೆಯಾಗಲಿಲ್ಲ.

ಸದಸ್ಯರಲ್ಲಿ ನನ್ನ ವಿನಂತಿ ಇಷ್ಟೆ. ಉತಾರವೋ, ಪಟ್ಟಾವೋ, ಪಾಸ್‌ಬುಕ್ಕೋ, ನಿಮ್ಮ ರಾಜ್ಯದ ಕಾಗದವನ್ನು ಮನೆಯ ಹೆಂಗಸರ ಮುಂದೆ ಕನ್ನಡದಲ್ಲಿ ಓದಿ ಹೇಳಿ. ಅವರ ಹೆಸರಿಲ್ಲದಿದ್ದರೆ ಸೇರಿಸಲು ಅರ್ಜಿ ಹಾಕಿ. ಅಕ್ಕ-ತಂಗಿಯರ ಸಹಿ ಕೇಳುವ ಮೊದಲು ಪತ್ರದಲ್ಲಿ ಏನಿದೆಯೆಂದು ಅವರಿಗೆ ತಿಳಿಸಿ. ಅರ್ಜಿ ಬರೆಯಲು ನೆರವು ಬೇಕಾದವರು ಸಂಘವನ್ನು ಕೇಳಬಹುದು.

— ಕಾರ್ಯದರ್ಶಿ